ಕೇಳೇತ್ರಿ ಅನ್ನುವ ತನಕ

ಪುರಸಭೆಗೆ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ನಮ್ಮ ಮನೆಗೆ ಬಂದು ಹೋಗುತ್ತಾರೆ. ಬಡ್ತಿ ಯಾವಾಗ ಸಿಗುತ್ತದೆ, ಯಾವ ಪರೀಕ್ಷೆಗೆ ಕೂಡಬೇಕು, ಸಾಹೇಬರನ್ನು ಹೇಗೆ ಒಲಿಸಿಕೊಳ್ಳಬೇಕು ಎಂದು ಕೇಳುತ್ತಾರೆ. ಬೋಳನ ಹತ್ತಿರ ಬಾಚಣಿಕೆ ಕೇಳಿದ ಹಾಗೆ. ನನಗೆ ಇಡೀ ನೌಕರಿಯಲ್ಲಿ ಸಿಕ್ಕಿದ್ದು ಒಂದೇ ಬಡ್ತಿ, ಅದೂ ದಿನಗೂಲಿಯಿಂದ ಕಾಯಂ ಆದದ್ದು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಕೆಲಸದ ಬಗ್ಗೆ ಬರೆಯಬಹುದು. ಪುರಸಭೆ ಏನು ಠರಾವು ಮಾಡುತ್ತಿತ್ತೋ ಅದನ್ನು ಊರಿಗೆ ಸಾರುವುದು ನನ್ನ ಕೆಲಸವಾಗಿತ್ತು.

ಈಗಿನವರು ಅದನ್ನು ಫೋನಿನಲ್ಲಿ ಬೆರಳು ಒತ್ತಿ ಮುಗಿಸುತ್ತಾರೆ. ನಾನು ಬೇಡ ಎನ್ನುವುದಿಲ್ಲ, ಒತ್ತಲಿ. ಒತ್ತಿದ ಮೇಲೆ ಏನಾಯಿತು ಎಂದು ಒಮ್ಮೆ ತಿರುಗಿ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಚಿಕ್ಕೋಡಿ, ರಾಯಬಾಗ, ಅಥಣಿ ಈ ಮೂರರ ನಡುವೆ ಎಲ್ಲೋ ಇರುವ ಸಂತೆಯ ಊರು ನಮ್ಮದು. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹದಲ್ಲಿ ಬರುವವರ ಮೊಮ್ಮಕ್ಕಳು ನನ್ನ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ. ಎಂಬತ್ತರ ದಶಕದ ಮೊದಲಲ್ಲಿ ನನ್ನನ್ನು ಸೇರಿಸಿಕೊಂಡದ್ದು ನನ್ನ ಗಂಟಲು ನೋಡಿ. ಕನ್ನಡದಲ್ಲಿ ಸಾರಿ ಅದೇ ಉಸಿರಿನಲ್ಲಿ ಮರಾಠಿಯಲ್ಲೂ ಸಾರಬಲ್ಲವನಾಗಿದ್ದೆ. ನಮ್ಮ ಕಡೆ ಅದೇನೂ ದೊಡ್ಡ ವಿದ್ಯೆಯಲ್ಲ, ಓಣಿಯ ಎಮ್ಮೆಗಳಿಗೂ ಎರಡೂ ತಿಳಿಯುತ್ತವೆ.

ಆಗ ಡಂಗುರ ಸಾರುತ್ತಿದ್ದವನು ಸತ್ತೆಪ್ಪಜ್ಜ. ಹಲಗೆ ಬಾರಿಸುತ್ತಿದ್ದವನು ಅವನು, ಅದರ ಹಿಂದೆ ನಿಂತು ಕೂಗುತ್ತಿದ್ದವನು ನಾನು. ಮೊದಲ ದಿನ ನಾನು ಬಜಾರದ ಮೂಲೆಯಲ್ಲಿ ನೀರಿನ ಸುದ್ದಿ ಕೂಗಿ ಮುಂದಿನ ಓಣಿಗೆ ಹೊರಟುಬಿಟ್ಟೆ. ತಿರುಗಿ ನೋಡಿದರೆ ಅಜ್ಜ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದ.

“ಲೇ ಮಾದೇವ, ಎಲ್ಲಿ ಹೊಂಟಿ?” ಎಂದ.

“ಹೇಳಿದ್ನಲ್ಲ ಅಜ್ಜಾ, ಮುಗೀತಲ್ಲ.”

“ನೀ ಒದರಿದ್ದು ಮುಗೀತು. ಅವರು ಕೇಳೇತಿ ಅಂದಾರೇನ? ಅಲ್ಲೀತನಾ ಕಾಲ ಕೀಳಬ್ಯಾಡ.”

ಸ್ವಲ್ಪ ಹೊತ್ತಿಗೆ ಸೈಕಲ್ ಅಂಗಡಿಯವನು ಒಳಗಿನಿಂದಲೇ “ಕೇಳೇತಪಾ, ಮುಂದ ಹೋಗು” ಎಂದ. ಆಮೇಲೆ ಅಜ್ಜ ಹೊರಟ. ಪ್ರತಿ ನಿಲುಗಡೆಯಲ್ಲೂ ಹೀಗೆ ಉತ್ತರ ಕೊಡುವವರು ಒಬ್ಬೊಬ್ಬರು ಇದ್ದರು. ಅವರನ್ನು ಯಾರೂ ನೇಮಿಸಿರಲಿಲ್ಲ. “ಕೇಳೇತಿ” ಎಂದವರ ಮೇಲೆ ಒಂದು ಹೊಣೆ ಬೀಳುತ್ತಿತ್ತು. ಹೊಲಕ್ಕೆ ಹೋದವರಿಗೆ, ಹಾಸಿಗೆ ಹಿಡಿದವರಿಗೆ, ಬಸುರಿ ಬಾಣಂತಿಯರಿಗೆ ಆ ಸುದ್ದಿ ಮುಟ್ಟಿಸುವುದು ಅವರ ಪಾಲಿನದು. ಅದರಿಂದ ಆ ಮಾತನ್ನು ಯಾರೂ ಹಗುರವಾಗಿ ಆಡುತ್ತಿರಲಿಲ್ಲ. ಸುದ್ದಿ ಮನಸ್ಸಿಗೆ ಒಪ್ಪದಿದ್ದರೆ ಬೈಯುವರು, ಪ್ರಶ್ನೆ ಕೇಳುವರು. ಅದನ್ನೆಲ್ಲ ಹೊತ್ತುಕೊಂಡು ಬಂದು ಪುರಸಭೆಯಲ್ಲಿ ಇಳಿಸುವುದೂ ನಮ್ಮದೇ ಕೆಲಸ.

ಕಾಯಿಪಲ್ಲೆಯ ಮಾರುಕಟ್ಟೆಯಲ್ಲಿ ಉತ್ತರ ಕೊಡುತ್ತಿದ್ದವಳು ತಾರಾಬಾಯಿ. ಬೇವಿನ ಮರದ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಕಬ್ಬೂರ ಕಡೆಯಿಂದ ಬರುವ ಮೆಂತ್ಯ, ಕೊತ್ತಂಬರಿ, ಬದನೆಕಾಯಿ ಮಾರುತ್ತಿದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಗಳನ್ನು ಸಾಂಗಲಿ ಕಡೆ ಕೊಟ್ಟಿದ್ದಳು. ಯಾರೊಂದಿಗೂ ಹೆಚ್ಚು ಮಾತಿಲ್ಲ. ನಾನು ಸಾರಿ ಮುಗಿಸಿದ ಮೇಲೆ ತಲೆ ಎತ್ತದೆ, ತಕ್ಕಡಿ ಕೆಳಗಿಡದೆ “ಕೇಳೇತ್ರಿ. ಮುಂದ ಹೋಗ್ರಿ” ಎನ್ನುವಳು. ನಾನು ಅವಳಿಗಿಂತ ಎಷ್ಟೋ ಚಿಕ್ಕವನು, ಮಾತಾಡುವಾಗ ತಮ್ಮಾ ಎಂದು ಏಕವಚನದಲ್ಲೇ ಕರೆಯುವಳು. ಈ ಒಂದು ಮಾತಿಗೆ ಮಾತ್ರ ಬಹುವಚನ. ಆ ಗೌರವ ನನಗಲ್ಲ, ಸುದ್ದಿಗೆ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಸತ್ತೆಪ್ಪಜ್ಜನಿಗೆ ಕೈ ನಡುಗತೊಡಗಿದಾಗ ಅವನ ಮಗನನ್ನು ಕರೆದರು. ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಪುರಸಭೆಯ ಮೆಟ್ಟಿಲ ಮೇಲೆ ನಿಂತು, “ನಮ್ಮ ಅಜ್ಜ ಬಡದಾನ, ನಮ್ಮ ಅಪ್ಪ ಬಡದಾನ. ಊರಿಗೆ ಸಾಕಾಗಿಲ್ಲ ಅಂದ್ರ ಇನ್ನ ಯಾರರೆ ಬಡೀಲಿ” ಎಂದು ಹೇಳಿ ಹೋದ. ಕೆಲವರಿಗೆ ಸಿಟ್ಟು ಬಂತು. ಹಲಗೆಯ ನಾದ ಎಷ್ಟು ಚೆಂದ ಎಂದು ಈಗಲೂ ಹಳಹಳಿಸುವವರಿದ್ದಾರೆ. ಕೇಳುವವರಿಗೆ ಚೆಂದ. ಅದನ್ನು ಬಾರಿಸುವವನು ಯಾರ ಕಟ್ಟೆಯನ್ನೂ ಹತ್ತುವಂತಿರಲಿಲ್ಲ, ಅಜ್ಜನ ಜೊತೆ ತಿರುಗಿದ ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಮಗ ಮಾಡಿದ್ದು ಸರಿ ಎಂದು ಅವತ್ತೂ ಅಂದಿದ್ದೆ, ಇವತ್ತೂ ಅನ್ನುತ್ತೇನೆ.

ಹಲಗೆ ಹೋಗಿ ಭೋಂಗಾ ಬಂತು, ಅಂದರೆ ಧ್ವನಿವರ್ಧಕದ ತುತ್ತೂರಿ. ಇಮಾಮಸಾಬರ ಟಾಂಗಾದ ಮೇಲೆ ಅದನ್ನು ಕಟ್ಟಿ, ಬ್ಯಾಟರಿ ಕಾಲಿನ ನಡುವೆ ಇಟ್ಟುಕೊಂಡು ನಾನು ಮೈಕು ಹಿಡಿದು ಕೂತೆ. ಮೊದಲ ವಾರವೇ ಎಡವಟ್ಟು. ಮೈಕು ಬಂದ್ ಆಗಿದೆ ಎಂದುಕೊಂಡು ಇಮಾಮಸಾಬರಿಗೆ, “ನೀರಿನ ಮೋಟಾರು ಸುಟ್ಟು ಮೂರು ದಿವಸಾತು, ನಮ್ಮ ಸಾಹೇಬ್ರು ಇನ್ನೂ ಕಾಗದಾ ಬರಿಯಾಕತ್ತಾರ. ಕಾಗದದಾಗ ನೀರ ಬರತೈತೇನ್ರಿ?” ಎಂದೆ. ಇಡೀ ಬಜಾರ ನಕ್ಕಿತು. ಬೇವಿನ ಮರದ ಬುಡದಿಂದ ಎಂದಿನ ದನಿ ಬಂತು: “ಕೇಳೇತ್ರಿ. ಮುಂದ ಹೋಗ್ರಿ.” ಮತ್ತೂ ನಕ್ಕರು.

ಕಚೇರಿಗೆ ಬಂದಾಗ ಮುಖ್ಯಾಧಿಕಾರಿ ದೇಶಪಾಂಡೆ ಸಾಹೇಬರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ನೌಕರಿ ಹೋಯಿತು ಎಂದುಕೊಂಡೆ. “ಮೋಟಾರು ನಾಳೆ ಬರತದ. ಬಂದ ಮ್ಯಾಲ ಅದನ್ನೂ ಅಷ್ಟೇ ಜೋರಾಗಿ ಹೇಳು” ಎಂದರು, ಅಷ್ಟೆ. ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಅವರ ಕೈಕೆಳಗೆ ದುಡಿದೆ. ಬೆನ್ನು ತಟ್ಟುವ ಪೈಕಿ ಅಲ್ಲ ಅವರು. ಸಾರುವ ಮೊದಲು ಪ್ರತಿ ನೋಟೀಸನ್ನೂ ನನ್ನಿಂದ ಒಮ್ಮೆ ಓದಿಸಿ ಕೇಳುವರು. ಉದ್ದದ ವಾಕ್ಯಗಳನ್ನು ತಾವೇ ಕತ್ತರಿಸುವರು.

ಇಮಾಮಸಾಬರ ಕುದುರೆಗೂ ನಮ್ಮ ಪದ್ಧತಿ ರೂಢಿಯಾಯಿತು. ಭೋಂಗಾ ನಿಂತರೆ ನಿಲ್ಲುವುದು, “ಮುಂದ ಹೋಗ್ರಿ” ಎಂಬ ಮಾತು ಕಿವಿಗೆ ಬಿದ್ದರೆ ಲಗಾಮು ಜಗ್ಗುವ ಮೊದಲೇ ಹೆಜ್ಜೆ ಹಾಕುವುದು. ಪುರಸಭೆಯಲ್ಲಿ ಸಂಬಳ ಕೇಳದ ನೌಕರ ಅದೊಂದೇ ಎಂದು ಇಮಾಮಸಾಬರು ಚೇಷ್ಟೆ ಮಾಡುತ್ತಿದ್ದರು.

ಸಾರಿದ್ದರಲ್ಲಿ ಹೆಚ್ಚಿನದು ನೀರು, ಕಂದಾಯ, ನಾಯಿ, ಚರಂಡಿ. ನೆನಪಿನಲ್ಲಿ ಉಳಿದದ್ದು ಬೇರೆ. ಒಂದು ಬೇಸಿಗೆಯಲ್ಲಿ ಬಸ್ ನಿಲ್ದಾಣದಲ್ಲಿ ಯಾರೋ ಪರ ಊರಿನ ಮನುಷ್ಯ ಕೂತಲ್ಲೇ ತೀರಿಕೊಂಡ. ಪೊಲೀಸರ ಕೆಲಸ ಮುಗಿದರೂ ವಾರಸುದಾರರು ಬರಲಿಲ್ಲ. ಮಣ್ಣು ಮಾಡುವುದು ಪುರಸಭೆಯ ಪಾಲಿಗೆ ಬಂತು. ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಏನೆಂದು ಸಾರಬೇಕು? ದೇಶಪಾಂಡೆ ಸಾಹೇಬರು ಯೋಚಿಸಿ, “ಇದ್ದದ್ದು ಹೇಳು” ಎಂದರು. ನಾನು ಹೇಳಿದೆ: “ಒಬ್ಬ ಮನುಷ್ಯ ತೀರಿಕೊಂಡಿದ್ದಾನೆ. ಹೆಗಲು ಬೇಕಾಗಿದೆ.” ಮಾರುಕಟ್ಟೆಯಲ್ಲಿ ತಾರಾಬಾಯಿ ಉತ್ತರ ಕೊಟ್ಟದ್ದಷ್ಟೇ ಅಲ್ಲ, ತಕ್ಕಡಿ ಮಗುಚಿಟ್ಟು ಎದ್ದು ನಿಂತಳು. ಅವಳು ಎದ್ದದ್ದು ನೋಡಿ ಹಮಾಲರು ಎದ್ದರು. ನಾಲ್ಕು ಹೆಗಲು ಸಾಕಾಗಿತ್ತು, ಓಣಿ ತುಂಬ ಮಂದಿ ಬಂದರು. ಅವತ್ತು ನನ್ನ ಕೆಲಸದ ಬಗ್ಗೆ ನನಗೆ ಮೊದಲ ಸಲ ಹೆಮ್ಮೆ ಎನಿಸಿತು.

ಇನ್ನು ತಾರಾಬಾಯಿಯ ಸಂಗತಿ. ಇದನ್ನು ಹೇಳಲಿಕ್ಕೇ ಇಷ್ಟು ಹೇಳಿದೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಸಂತೆಯ ದಿನ ಮಧ್ಯಾಹ್ನ ಬೇಸಿಗೆಯ ಅಡ್ಡಮಳೆ ಗಾಳಿ ಸಮೇತ ಬಂತು. ಮಾರುಕಟ್ಟೆಯ ತಗಡುಗಳು ಹಾರಿದವು. ಒಂದು ತಗಡು ತಾರಾಬಾಯಿಯ ಬಲಗೈಗೆ ಬಡಿದು ಎಲುಬು ಮುರಿಯಿತು. ಮಿರಜಿಗೆ ಒಯ್ದು ಕಟ್ಟು ಹಾಕಿಸಿ ತಂದರು. ಬುಟ್ಟಿ ಹೊರುವ ಕೈ ಅದು. ಕೂತು ಉಣ್ಣುವಷ್ಟು ಆಕೆಯ ಹತ್ತಿರ ಏನೂ ಇರಲಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಒಂದು ರೂಢಿ ಇತ್ತು. ಪಲ್ಲೆ ಮಾರುವವರಲ್ಲಿ ಯಾರಾದರೂ ಬರಲಾಗದೆ ಮಲಗಿದರೆ ಅವರ ಗೋಣಿಚೀಲವನ್ನು ತಂದು ಅವರ ಜಾಗದಲ್ಲೇ ಹಾಸುತ್ತಿದ್ದರು. ಅಕ್ಕಪಕ್ಕದವರು ಬೆಳಿಗ್ಗೆ ತಮ್ಮ ಬುಟ್ಟಿಯಿಂದ ಒಂದು ಕಟ್ಟು, ಒಂದು ಹಿಡಿ ತೆಗೆದು ಆ ಚೀಲದ ಮೇಲೆ ಇಡುವರು. ಕೊಳ್ಳಲು ಬಂದವರು ಮೊದಲು ಅಲ್ಲಿಂದ ಕೊಳ್ಳುವರು. ಸಂಜೆ ಆ ಹಣ ಅವರ ಮನೆಗೆ ಮುಟ್ಟುವುದು. ಕೊಡುವಾಗ ಆಡುವ ಮಾತು ಒಂದೇ: “ಇವತ್ತ ನಿನ್ನ ವ್ಯಾಪಾರ ಆತು.” ಯಾರು ಇಟ್ಟರು, ಎಷ್ಟು ಇಟ್ಟರು ಎಂದು ಕೇಳುವಂತಿಲ್ಲ. ಕಷ್ಟ ಎಂಬ ಮಾತನ್ನೇ ಯಾರೂ ಎತ್ತುವಂತಿಲ್ಲ. ಎಷ್ಟೋ ಜನರ ಚೀಲವನ್ನು ತಾರಾಬಾಯಿಯೇ ಮುಂದೆ ನಿಂತು ಹಾಸಿದ್ದಳು. ಈಗ ಅವಳ ಚೀಲ ಹಾಸಿದರು.

ಆಗಷ್ಟೇ ಚುನಾವಣೆ ಮುಗಿದು ಹೊಸ ಮಂಡಳಿ ಬಂದಿತ್ತು. ಅಧ್ಯಕ್ಷರು ಅಣ್ಣಾಸಾಹೇಬರು, ದ್ರಾಕ್ಷಿ ತೋಟದವರು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಮಾರುಕಟ್ಟೆಗೆ ಬಂದು ಹಾರಿದ ತಗಡು ನೋಡಿದರು, ತಾರಾಬಾಯಿಯ ಸುದ್ದಿ ಕೇಳಿ ಮರುಗಿದರು. ಪುರಸಭೆಯಿಂದ ಒಂದು ಚೀಲ ಜೋಳ, ಒಂದು ಸೀರೆ, ಔಷಧಿಯ ಖರ್ಚು ಮಂಜೂರಾಯಿತು. ಸಾರುವ ಕಾಗದ ನನ್ನ ಕೈಗೆ ಬಂತು. ಅದರಲ್ಲಿ ಹೀಗಿತ್ತು: “ಅಡ್ಡಮಳೆಯಲ್ಲಿ ಗಾಯಗೊಂಡ ನಿರ್ಗತಿಕ ವಿಧವೆ ತಾರಾಬಾಯಿ ಇವರಿಗೆ ಮಾನ್ಯ ಅಧ್ಯಕ್ಷರು ಸಹಾಯ ಮಂಜೂರು ಮಾಡಿರುತ್ತಾರೆ.”

ಓದಿ ಕಾಗದವನ್ನು ಮುಖ್ಯಾಧಿಕಾರಿಗಳ ಮೇಜಿನ ಮೇಲೆ ತಿರುಗಿ ಇಟ್ಟೆ.

“ಸಾಹೇಬ್ರ, ಹೆಸರ ಬಿಟ್ಟ ಸಾರಲೇನ್ರಿ?” ಎಂದು ಕೇಳಿದೆ.

ದೇಶಪಾಂಡೆ ಸಾಹೇಬರು ಕಾಗದವನ್ನು ಇನ್ನೊಮ್ಮೆ ಓದಿದರು. “ಬಿಡಾಕ ಬರೂದಿಲ್ಲೋ ಮಾದೇವ. ಊರ ರೊಕ್ಕ ಅದು. ಯಾರಿಗೆ ಹೋತು ಅನ್ನೂದು ಊರಿಗೆ ಗೊತ್ತಾಗಬೇಕು. ನಾಳೆ ನಡುವ ಯಾರೋ ತಿಂದ್ರು ಅಂತ ಕೂಗ ಎದ್ರ ನಾ ಏನ ಹೇಳ್ಲಿ?” ಎಂದರು. ಹಾಗೆ ತಿಂದವರನ್ನು ಅವರು ಕಂಡಿದ್ದರು, ನಾನೂ ಕಂಡಿದ್ದೆ. ಕಾಗದ ಮಡಚಿ ಜೇಬಿಗಿಟ್ಟು ಟಾಂಗಾ ಹತ್ತಿದೆ.

ಇಡೀ ಊರಿಗೆ ಸಾರಿದೆ. ಕಡೆಗೆ ಮಾರುಕಟ್ಟೆ. ಬೇವಿನ ಮರದ ಬುಡದಲ್ಲಿ ಅವಳ ಚೀಲ, ಅದರ ಮೇಲೆ ಮೆಂತ್ಯದ ಕಟ್ಟುಗಳು. ಕನ್ನಡದಲ್ಲಿ ಹೇಳಿ ಮರಾಠಿಯಲ್ಲಿ ಹೇಳಿ ಮೈಕು ಇಳಿಸಿದೆ. ಉತ್ತರ ಕೊಡುವವಳು ಮನೆಯಲ್ಲಿ ಮಲಗಿದ್ದಳು. ಅವಳ ಬದಲು ಇನ್ನೊಬ್ಬರು ಹೇಳಬಹುದಿತ್ತು, ಹೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಬುಟ್ಟಿ ನೋಡುತ್ತ ಕೂತರು. ಕುದುರೆ ಕದಲಲಿಲ್ಲ. ಇಮಾಮಸಾಬರು ಇಳಿದು ಲಗಾಮು ಹಿಡಿದು ಎಳೆದುಕೊಂಡು ನಡೆದರು.

ಮರುದಿನ ತಾರಾಬಾಯಿ ಪಕ್ಕದ ಮನೆಯವಳನ್ನು ಕಳಿಸಿ ತನ್ನ ಚೀಲವನ್ನು ತರಿಸಿಕೊಂಡಳು. ಪುರಸಭೆಯ ಜೋಳ, ಸೀರೆ ಗಾಡಿಯಲ್ಲಿ ಹಾಗೇ ತಿರುಗಿ ಬಂದವು.

ಇನ್ನೊಬ್ಬ ಅಧ್ಯಕ್ಷನಾಗಿದ್ದರೆ ಸೊಕ್ಕು ನೋಡು ಎನ್ನುತ್ತಿದ್ದ. ಅಣ್ಣಾಸಾಹೇಬರಿಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಅದಕ್ಕೇ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ. “ನಡೀರಿ, ಆಕೀನ್ನೇ ಕೇಳೂಣು” ಎಂದು ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡು ತಾರಾಬಾಯಿ ಗೋಡೆಗೆ ಆತು ಕೂತಿದ್ದಳು. ಅಧ್ಯಕ್ಷರು ನೆಲದ ಮೇಲೇ ಕೂತರು.

“ಆಯಿ, ನಮ್ಮಿಂದ ಏನ ತಪ್ಪಾತು ಹೇಳ್ರಿ.”

“ಕೊಡಾಕ ಬಂದ್ರಿ, ಅದರಾಗೇನ ತಪ್ಪ ಬಂತ್ರಿ? ಕೊಡೂದು ಪುಣ್ಯಾದ ಕೆಲಸ” ಎಂದಳು. “ಖರೆ, ಇಷ್ಟ ವರ್ಷ ನಾ ಪ್ರತಿ ಸಂತಿಗೆ ಪುರಸಭೆಗೆ ಜಾಗಾದ ಬಾಡಿಗಿ ಕೊಟ್ಟೀನಿ. ಮಳಿ ಬಂದು ಒಂದ ಕಟ್ಟ ಪಲ್ಲೆ ಹೋಗದಿದ್ರೂ ಕೊಟ್ಟೀನಿ. ಕೊಕಟನೂರ ಎಲ್ಲವ್ವನಾಣಿ, ಒಮ್ಮೆ ಬಾಕಿ ಇಟ್ಟಿಲ್ಲ. ಅದನ್ನ ನೀವು ಭೋಂಗಾದಾಗ ಹೇಳ್ಲಿಲ್ಲ. ನಾ ಕೊಟ್ಟದ್ದ ಸಾರ್ಲಿಲ್ಲ, ನೀವು ಕೊಟ್ಟದ್ದ ಸಾರಿದ್ರಿ.”

ಅಧ್ಯಕ್ಷರು ತಲೆ ತಗ್ಗಿಸಿದರು.

“ನಿರ್ಗತಿಕ ಅಂದ್ರಿ. ನನ್ನ ಚೀಲ ಅಲ್ಲಿ ಹಾಸಿತ್ತು, ದಿನಾ ವ್ಯಾಪಾರ ಆಗತಿತ್ತು. ಅಂಥಾಕಿಗೆ ಗತಿ ಇಲ್ಲ ಅಂತ ಹ್ಯಾಂಗ ಅಂದ್ರಿ? ನೀವು ಅಂದ ಮ್ಯಾಲ ಆ ಚೀಲದ ಮ್ಯಾಲ ಇಟ್ಟದ್ದೆಲ್ಲಾ ಭಿಕ್ಷಾ ಆತು. ಅದಕ್ಕ ತರಿಸಿಕೊಂಡೆ.” ಆಮೇಲೆ ನನ್ನ ಕಡೆ ತಿರುಗಿದಳು. “ತಮ್ಮಾ ಮಾದೇವ, ನಿನ್ನ ದನಿ ಚೊಲೋ ಐತಿ, ಊರ ತುಂಬ ಹೋತು. ನಾಳೆ ನಾ ಬುಟ್ಟಿ ಇಟಕೊಂಡ ಕುಂತ್ರ ಮಂದಿ ಪಲ್ಲೆ ನೋಡೂದಿಲ್ಲ, ನನ್ನ ಮಾರಿ ನೋಡತಾರ. ಅಯ್ಯೋ ಪಾಪ ಅಂತ ತಗೋತಾರ. ಅಂಥಾ ವ್ಯಾಪಾರಕ್ಕ ನಾ ಹ್ಯಾಂಗ ಕೂಡ್ಲಿ?”

ಅವಳಿಗೆ ಇದ್ದದ್ದು ಆ ಮರದ ಬುಡದ ಜಾಗ, ಅಲ್ಲಿ ಕೂಡುವ ಮಾರಿ, ನಾಲ್ಕು ಜನರ ಮುಂದಿನ ಮುಖ. ಜಾಗ ಅಲ್ಲೇ ಇತ್ತು. ಮಾರಿಯನ್ನು ನಾವು ಕಿತ್ತುಕೊಂಡಿದ್ದೆವು. ಅದನ್ನು ಯಾವ ಠರಾವಿನಿಂದ ತಿರುಗಿ ಕೊಡುವುದು?

“ನಾಳೆ ನಾನ ಮೈಕ ಹಿಡದು ತಪ್ಪಾತು ಅಂತ ಸಾರತೀನ್ರಿ ಆಯಿ” ಎಂದರು ಅಧ್ಯಕ್ಷರು.

“ಬ್ಯಾಡ್ರಿ. ಮತ್ತ ನನ್ನ ಹೆಸರ ಒದರಬ್ಯಾಡ್ರಿ. ಸಾರಿದ್ದು ಸಾರಿ ಆತು. ಇನ್ನೊಬ್ರದ ಸಾರೂಕಿಂತ ಮೊದ್ಲ ಇದನ್ನ ನೆನಪ ಇಟಕೋರ್ರಿ.” ಅಷ್ಟು ಹೇಳಿ ಪಕ್ಕದವಳಿಗೆ ಚಹಾ ಮಾಡಲು ಹೇಳಿದಳು.

ಮುಂದಿನ ಸಭೆಯಲ್ಲಿ ಇದರ ಮೇಲೆ ಮಾತಾಯಿತು, ಜಗಳವೂ ಆಯಿತು. ಹೆಸರಿಲ್ಲದೆ ಸಾರಿದರೆ ಪುರಸಭೆ ಮಾಡಿದ್ದು ಜನಕ್ಕೆ ತಿಳಿಯುವುದು ಹೇಗೆ ಎಂದರು ಕೆಲವರು. ದಾರಿ ಹುಡುಕಿದವರು ದೇಶಪಾಂಡೆ ಸಾಹೇಬರೇ. ಯಾರಿಗೆ ಏನು ಕೊಟ್ಟೆವು ಎಂಬುದನ್ನು ಸಭೆಯಲ್ಲಿ ಬಾಗಿಲು ತೆರೆದಿಟ್ಟು ಓದುವುದು, ಲೆಕ್ಕ ಕೇಳುವವರು ಅಲ್ಲಿಗೆ ಬಂದು ಕೇಳಲಿ. ಓಣಿಯಲ್ಲಿ ಸಾರುವಾಗ ಏನು ಬೇಕಾಗಿದೆ ಎಂಬುದನ್ನು ಹೇಳುವುದು, ಯಾರಿಗೆ ಎಂಬುದನ್ನಲ್ಲ. ಬಸ್ ನಿಲ್ದಾಣದಲ್ಲಿ ತೀರಿಕೊಂಡವನಿಗೆ ಹೆಸರು ಗೊತ್ತಿಲ್ಲದೆ ಹಾಗೆ ಸಾರಿದ್ದೆವು, ಇನ್ನು ಮುಂದೆ ಗೊತ್ತಿದ್ದೂ ಹಾಗೆಯೇ. ಅಣ್ಣಾಸಾಹೇಬರು ಮೊದಲು ಕೈ ಎತ್ತಿದರು.

ಕೈಯ ಕಟ್ಟು ಬಿಚ್ಚಿದ ಮೇಲೆ ತಾರಾಬಾಯಿ ಮಾರುಕಟ್ಟೆಗೆ ಬಂದಳು. ಬಲಗೈ ಪೂರ್ತಿ ಎತ್ತಲು ಬರುತ್ತಿರಲಿಲ್ಲ, ಎಡಗೈಯಿಂದ ತೂಗುತ್ತಿದ್ದಳು. ಮೊದಲ ಗಿರಾಕಿ ಹೇಳಿದ ದರಕ್ಕೆ ಮಾತಾಡದೆ ಹಣ ಕೊಟ್ಟು ಹೊರಟಳು. ತಾರಾಬಾಯಿ ಕರೆದು ನಿಲ್ಲಿಸಿದಳು.

“ಯಾಕ ಬಾಯಿ, ಚೌಕಾಸಿ ಮಾಡಲಿಲ್ಲ?”

“ಇರಲಿ ಬಿಡ ಮಾವಶಿ.”

“ಇರಬಾರದು. ಮಾಡು. ಇಲ್ಲಂದ್ರ ಪಲ್ಲೆ ಇಲ್ಲಿಟ್ಟು ಹೋಗು.”

ಆ ಹೆಣ್ಣುಮಗಳು ನಾಚಿಕೊಂಡು ಚೌಕಾಸಿ ಮಾಡಿದಳು. ತಾರಾಬಾಯಿ ಒಂದು ಪೈಸೆಯನ್ನೂ ಬಿಡಲಿಲ್ಲ. ಅವತ್ತು ಚೌಕಾಸಿ ಮಾಡದವರಿಗೆ ಅವಳು ಪಲ್ಲೆ ಕೊಡಲಿಲ್ಲ. ದಿನ ಕಳೆದಂತೆ ಮಂದಿ ಅವಳ ಮಾರಿ ನೋಡುವುದನ್ನು ಬಿಟ್ಟು ಮೆಂತ್ಯದ ಎಲೆ ತಿರುವಿ ನೋಡತೊಡಗಿದರು, ಬಾಡಿದೆ ಎಂದು ಜಗಳ ತೆಗೆದರು. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ.

ಆದರೆ ನನ್ನ ಸಾರಿಕೆಗೆ ಅವಳು ಉತ್ತರ ಕೊಡಲಿಲ್ಲ. ನೀರಿನ ಸುದ್ದಿ ಹೇಳಿದೆ, ಕಂದಾಯದ ಸುದ್ದಿ ಹೇಳಿದೆ. ತಕ್ಕಡಿ ನೋಡುತ್ತ ಸುಮ್ಮನೆ ಕೂಡುವಳು. ಬೇರೆಯವರು ಅವಳ ಮಾತನ್ನು ಆಡಲು ಮುಂದಾಗಲಿಲ್ಲ. ನಾನು ಸ್ವಲ್ಪ ಹೊತ್ತು ಕಾಯುವೆ, ಇಮಾಮಸಾಬರು ಇಳಿದು ಕುದುರೆಯನ್ನು ಎಳೆದುಕೊಂಡು ಹೋಗುವರು. ನನ್ನ ಮೇಲೆ ಸಿಟ್ಟಿದ್ದರೆ ಬೈಯಬಹುದಿತ್ತು. ಬೈಯಲಿಲ್ಲ, ಮೊದಲಿನಂತೆಯೇ ತಮ್ಮಾ ಎಂದು ಮಾತಾಡಿಸುತ್ತಿದ್ದಳು. ಆ ಒಂದು ಮಾತನ್ನು ಮಾತ್ರ ತೆಗೆದಿಟ್ಟಿದ್ದಳು. ನೌಕರಿಯಲ್ಲಿ ನನಗೆ ಮೆಮೊ ಬಂದಿದೆ, ಸಂಬಳ ನಿಂತಿದೆ. ಇದರಷ್ಟು ಯಾವುದೂ ನೋಯಿಸಲಿಲ್ಲ.

ಮಳೆಗಾಲ ಬಂತು. ಕೆಳಗಿನ ಓಣಿಯಲ್ಲಿ ಒಂದು ಮನೆಯ ಗೋಡೆ ಕುಸಿಯಿತು. ಹೊಸ ಪದ್ಧತಿಯಂತೆ ಸಾರುವ ಮೊದಲ ಸುದ್ದಿ ಅದು. ಮಾರುಕಟ್ಟೆಗೆ ಬಂದು ಟಾಂಗಾ ನಿಲ್ಲಿಸಿ ಹೇಳಿದೆ.

“ಕೆಳಗಿನ ಓಣಿಯೊಳಗೆ ಒಂದು ಗೋಡೆ ಕಟ್ಟುವುದಿದೆ. ಮಣ್ಣು ತುಳಿಯಲು, ಕಲ್ಲು ಹೊರಲು ಮಂದಿ ಬೇಕಾಗಿದ್ದಾರೆ. ಬರುವವರು ನಾಳೆ ಬೆಳಿಗ್ಗೆ ಬಾವಿಯ ಹತ್ತಿರ ಸೇರಬೇಕು. ಬುತ್ತಿ ಪುರಸಭೆಯದು.”

ಮರಾಠಿಯಲ್ಲೂ ಹೇಳಿದೆ. ಹೆಸರಿಲ್ಲ, ಪಾಪ ಎಂಬ ಮಾತಿಲ್ಲ, ಅಧ್ಯಕ್ಷರೂ ಇಲ್ಲ.

ಮೈಕು ಇಳಿಸಿ ಕಾದೆ. ತಾರಾಬಾಯಿ ಬದನೆಕಾಯಿ ತೂಗುತ್ತಿದ್ದಳು. ಮುಳ್ಳು ನಿಲ್ಲುವ ತನಕ ನೋಡಿದಳು, ಗಿರಾಕಿಯ ಚೀಲಕ್ಕೆ ಸುರಿದಳು. ಇಮಾಮಸಾಬರು ಇಳಿಯಲು ಕಾಲು ಕೆಳಗಿಟ್ಟರು.

“ಕೇಳೇತ್ರಿ” ಎಂದಳು ತಾರಾಬಾಯಿ, ತಲೆ ಎತ್ತದೆ. “ಮುಂದ ಹೋಗ್ರಿ.”

ಇಮಾಮಸಾಬರ ಒಂದು ಕಾಲು ಇನ್ನೂ ನೆಲದ ಮೇಲೇ ಇತ್ತು, ಕುದುರೆ ಹೊರಟೇ ಬಿಟ್ಟಿತು.